ಬಿಂಕದ ಮೊಲ

ನಾಯಿಗೆ ಸ್ವಾಮಿಭಕ್ತಿಯನ್ನೂ ಹಸುವಿಗೆ ವಾತ್ಸಲ್ಯವನ್ನೂ ಹಂಚಿಕೊಟ್ಟ ಲೋಕವು ಮೊಲಕ್ಕೆ ಅಂಜಿಕೆಯೊಂದನ್ನೇ ಉಳಿಸಿದೆ. ಉರಿಗಾಮಿನ ನಮ್ಮ ಮನೆಯ ಬಿಳಿಯ ಮೊಲಕ್ಕೆ ಮಕ್ಕಳು ಬಿಂಕವನ್ನೂ ಆರೋಪಿಸಿದ್ದಾರೆ. ಎತ್ತಿಕೊಂಡರೆ ಒದೆಯುತ್ತದೆ, ಕರೆದರೆ ಬೆನ್ನು ತಿರುಗಿಸುತ್ತದೆ. ‘ಇದಕ್ಕೆ ನಮ್ಮ ಮೇಲೆ ಪ್ರೀತಿಯಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ’ ಎಂಬುದು ಅವರ ತೀರ್ಪು. ದೀಪಾವಳಿಯವರೆಗೆ ವಾಯಿದೆ ಕೇಳಿ ಪಡೆದಿದ್ದೇನೆ.

ಆಪಾದಿತನ ಕುಲವನ್ನು ಮೊದಲು ವಿಚಾರಿಸಬೇಡವೆ? ನಮ್ಮ ಹೊಲದ ಮೊಲವು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗತಕ್ಕದ್ದು. ಸಾಕುಮೊಲದ ಪೂರ್ವಿಕರಾದರೋ ಸ್ಪೆಯಿನ್ ಸೀಮೆಯಲ್ಲಿ ಬಿಲ ತೋಡಿ ಗುಂಪಾಗಿ ಬಾಳಿದವರು. ಅವರನ್ನು ನೆಲದಿಂದ ಮೇಲೆತ್ತುತ್ತಿದ್ದುದು ಹದ್ದಿನ ಉಗುರು. ಆದುದರಿಂದ ಮುದ್ದಿಗೆಂದು ಎತ್ತುವ ಕೈಯೂ ಅದಕ್ಕೆ ಭಯವನ್ನೇ ತರುವುದು. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ, ಬೆನ್ನು ತಿರುಗಿಸಿದಾಗಲೂ ಅದು ನಮ್ಮನ್ನು ನೋಡುತ್ತಲೇ ಇರುತ್ತದೆ. ಮೂಗಿನ ಬಳಿಗೇ ಚಾಚಿದ ಕೈ ಮಾತ್ರ ಅದಕ್ಕೆ ಕಾಣದು.

ಒಲವಿಗೂ ಅದರಲ್ಲೊಂದು ಭಾಷೆಯುಂಟು. ನಾನು ನೆಲದ ಮೇಲೆ ಕುಳಿತು ಓದುತ್ತಿದ್ದರೆ ತಾನಾಗಿ ಬಂದು ಮೊಣಕಾಲಿಗೆ ಗದ್ದವನ್ನುಜ್ಜಿ ತನ್ನ ವಾಸನೆಯ ಮುದ್ರೆಯೊತ್ತುತ್ತದೆ. ಬಳಿಯಲ್ಲೇ ಕಾಲು ಚಾಚಿ ಮಲಗುತ್ತದೆ. ನಂಬಿಕೆಯಿಲ್ಲದ ಪ್ರಾಣಿ ಕಾಲು ಚಾಚೀತೆ?

ಮೌನದ ಪ್ರೀತಿ ಈ ಊರಿಗೆ ಹೊಸದಲ್ಲ. 2001ರಲ್ಲಿ ಗಣಿಗಳು ಮುಚ್ಚುವವರೆಗೂ ಸುರಂಗಗಳಲ್ಲಿ ದುಡಿದು ಬಂದ ತಂದೆಯರು ಮಾತಿಲ್ಲದೆ ಜಗುಲಿಯಲ್ಲಿ ಕುಳಿತುಬಿಡುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳವು 3 ಕಿಲೋಮೀಟರಿಗೂ ಮಿಗಿಲು. ಅಲ್ಲಿಂದ ಜೀವಸಹಿತ ಮರಳಿ ನಮ್ಮ ಬಳಿ ಕುಳಿತುದೇ ಅವರ ಅಕ್ಕರೆಯ ಮಾತು. ಅದನ್ನು ಬಿಂಕವೆಂದವರಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಸಾಧಿಸುವುದಕ್ಕಿಂತ, ಹಿಡಿಯದೆ ಬಿಟ್ಟು ನೋಡುವುದು ಮೇಲು.