ಗೇಣುದ್ದದ ಗಾಡಿ

ಪಾವಗಡದ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಅಲ್ಲಿನ ಹಿರಿಯರ ಬಾಯಲ್ಲಿ ಒಂದು ಗಾದೆ ಇದೆ: ಹಡಗುಗಳು ಬಂಡಿಗಳಾಗುತ್ತವೆ, ಬಂಡಿಗಳು ಹಡಗುಗಳಾಗುತ್ತವೆ. ಸಿರಿತನ ಬಡತನ ಅದಲು ಬದಲಾಗುವ ಮಾತು ಅದು. ಚಿಕ್ಕಂದಿನಲ್ಲಿ ಕೇಳಿದಾಗ ನನಗೆ ಅರ್ಥಕ್ಕಿಂತ ಅಚ್ಚರಿಯೇ ಹೆಚ್ಚು. ಕೆರೆ ತುಂಬುವುದೇ ಹಬ್ಬವಾದ ಈ ನಿಡುಗಲ್ ಸೀಮೆಗೆ ಹಡಗು ಎಲ್ಲಿಂದ ಬಂತು? ಈಗ ತಿರುಮಣಿಯ ಸೋಲಾರ್ ಫಲಕಗಳು ದೂರದಿಂದ ನೀರು ನಿಂತ ಹಾಗೆ ಕಾಣುತ್ತವೆ, ಆ ಮಾತು ಬೇರೆ.

ಹಡಗಿರುವ ಸೀಮೆಗಳಲ್ಲಿ ಹಾಯಿದೋಣಿ ಇಟ್ಟುಕೊಂಡವರು ತಮ್ಮದೇ ದೋಣಿಯ ಪುಟ್ಟ ಮಾದರಿ ಮಾಡಿಸಿಕೊಳ್ಳುವುದುಂಟು. ಯಾವುದೋ ದೋಣಿಯಲ್ಲ, ತಾವು ಹಗ್ಗ ಎಳೆದು ಅಂಗೈ ಸುಲಿಸಿಕೊಂಡ ಅದೇ ದೋಣಿ. ನನಗೆ ದೋಣಿಯಿಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಎತ್ತಿನ ಗಾಡಿ. ಕಡಲೆಕಾಯಿ ಮೂಟೆ, ಹುಣಸೆಹಣ್ಣು, ಹುಲ್ಲು ಎಲ್ಲ ಹೊತ್ತದ್ದು, ಕ್ಯಾಮೇನಹಳ್ಳಿ ಜಾತ್ರೆಗೆ ನಮ್ಮನ್ನೆಲ್ಲ ತುಂಬಿಕೊಂಡು ಹೋಗಿದ್ದು ಅದೇ. ಎತ್ತು ಮಾರಿದ ಮೇಲೆ ಮಳೆಗೆ ಬಿಸಿಲಿಗೆ ನಿಂತು ಕಳಚಿತು. ಕೊಟ್ಟಿಗೆಯಲ್ಲಿ ಉಳಿದದ್ದು ನೊಗ, ಒಂದು ಗುಂಬ, ಎರಡು ಅರೆ.

ಅಷ್ಟನ್ನೂ ಹೊತ್ತುಕೊಂಡು ಮಧುಗಿರಿಯ ಒಬ್ಬ ಆಚಾರ್ರ ಹತ್ತಿರ ಹೋದೆ. ಅವರ ತಂದೆ ಗಾಡಿ ಮಾಡುತ್ತಿದ್ದವರು, ಇವರು ಬಾಗಿಲು ಕಿಟಕಿ ಮಾಡುತ್ತಾರೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಗಾಡಿ ಬೇಕಾ ಸ್ವಾಮಿ, ನಿಮ್ ಗಾಡೀನೇ ಬೇಕಾ?”

“ನಮ್ಮದೇ ಬೇಕು, ಆಚಾರ್ರೇ.”

“ಹಂಗಾದ್ರೆ ಅದರ ಊನ ಎಲ್ಲಾ ಹೇಳಿ.”

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಂದ ಎಲ್ಲ ಗಾಡಿಗೂ ಒಂದೇ. ನಮ್ಮ ಗಾಡಿಯನ್ನು ನಮ್ಮದು ಮಾಡಿದ್ದು ಅದರ ಊನಗಳೇ. ಬಲಗಾಲಿಯ ಒಂದು ಅರೆ ಮಾತ್ರ ಹೊಸದು, ಬಣ್ಣ ಬೇರೆ. ಎಡಗಡೆಯ ಎತ್ತು ಗಿಡ್ಡ, ಅದಕ್ಕೆ ನೊಗ ಆ ಕಡೆ ಹೆಚ್ಚು ಸವೆದಿತ್ತು. ಹಿಂದಿನ ಗೂಟವೊಂದು ಮುರಿದು, ಅಪ್ಪ ಅಲ್ಲಿ ಹುಣಸೆ ಕೊಂಬೆ ಸಿಕ್ಕಿಸಿದ್ದರು. ನಾನು ಹೇಳುತ್ತಾ ಹೋದೆ, ಅವರು ಹಲಗೆಯ ಮೇಲೆ ಸೀಸಕಡ್ಡಿಯಲ್ಲಿ ಗುರುತು ಹಾಕಿಕೊಂಡರು.

ಅಡಿಗೆ ಅಂಗುಲ ಎಂದು ಲೆಕ್ಕ ಕಟ್ಟಿದೆವು. 5 ಅಡಿಯ ಗಾಲಿ 5 ಅಂಗುಲ. ಉದ್ದ ಹೀಗೆ ಸುಲಭವಾಗಿ ಇಳಿಯುತ್ತದೆ, ಭಾರ ಹಾಗಲ್ಲ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡರಲ್ಲಿ ಒಂದು ಪಾಲಾದರೆ ತೂಕ 1,728ರಲ್ಲಿ ಒಂದು ಪಾಲು. 300 ಕಿಲೋ ತೂಗುವ ಗಾಡಿ 175 ಗ್ರಾಂ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಾಲ್ಕು ಜನ ಹೆಗಲು ಕೊಟ್ಟು ಕೆಸರಿನಿಂದ ಎತ್ತುತ್ತಿದ್ದ ಗಾಡಿ ಅಂಗೈ ಮೇಲೆ!

ಕಷ್ಟ ಬಂದದ್ದು ಕಬ್ಬಿಣದ ಪಟ್ಟಿಯಲ್ಲಿ. ದೊಡ್ಡ ಗಾಲಿಗಾದರೆ ಪಟ್ಟಿಯನ್ನು ಅಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆಯುತ್ತಾರೆ. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಸಿದಾಗ ಸುತ್ತಳತೆ ಒಂದು ಅಂಗುಲದಷ್ಟು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ ಚೊಯ್ಯೆಂದು ಕುಗ್ಗಿ, ಅರೆಗಳನ್ನೆಲ್ಲ ಗುಂಬದೊಳಕ್ಕೆ ಅದುಮಿ ಹಿಡಿಯುತ್ತದೆ. ಅಲ್ಲಿ ಮೊಳೆಯ ಮಾತೇ ದೊಡ್ಡದಲ್ಲ, ಗಾಲಿಯನ್ನು ಹಿಡಿದಿಟ್ಟಿರುವುದು ಆ ಕುಗ್ಗು. ಪುಟ್ಟ ಗಾಲಿಯ ಪಟ್ಟಿಗೆ ಹಿಗ್ಗು ಎರಡು ಮಿಲಿಮೀಟರ್. ಅಷ್ಟು ತೆಳುವಾದದ್ದು ಒಲೆಯಿಂದ ಗಾಲಿಗೆ ಬರುವ ಹೊತ್ತಿಗೆ ಆರಿಹೋಗುತ್ತದೆ. ಆಚಾರ್ರು ನಾಲ್ಕು ಸಲ ನೋಡಿ, ಐದನೆಯ ಸಲ ಗಾಲಿಯನ್ನೇ ಬೆಂಕಿಯ ಪಕ್ಕಕ್ಕೆ ಒಯ್ದರು. ಕೂತಿತು. ಆ ಕ್ಷಣ ಅವರ ಮುಖ ನೋಡಬೇಕಿತ್ತು.

ಅರೆಗಳಿಗೆ ಹೊಸ ಮರ ಬೇಡ ಎಂದೆ. ಕೊಟ್ಟಿಗೆಯಿಂದ ತಂದಿದ್ದ ಒಂದು ಹಳೆಯ ಜಾಲಿ ಅರೆಯನ್ನು ಸೀಳಿದರು. ಎರಡು ಗಾಲಿಗೂ ಬೇಕಾದ 24 ಅರೆಯೂ ಅದೊಂದರಲ್ಲೇ ಸಿಕ್ಕವು.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ಹಾಯಿಹಡಗಿನ ಸುದ್ದಿ ಓದಿದಾಗಲೂ ನನಗೆ ಈ ಆಚಾರ್ರೇ ನೆನಪಾದರು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು ಅದು. ಕೇರಳದ ಬಡಗಿಗಳು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಹಳೆಯ ನಕ್ಷೆ ಉಳಿದಿರಲಿಲ್ಲವಾದ್ದರಿಂದ ಮದ್ರಾಸ್ ಐಐಟಿಯಲ್ಲಿ ಚಿಕ್ಕ ಮಾದರಿಯೊಂದನ್ನು ನೀರಿಗಿಳಿಸಿ ಪರೀಕ್ಷೆ ಮಾಡಿದರಂತೆ. ಅಲ್ಲಿ ಪುಟ್ಟದು ಮೊದಲು ಹುಟ್ಟಿ ದೊಡ್ಡದಕ್ಕೆ ದಾರಿ ತೋರಿಸಿತು. ಪುಟ್ಟ ಮಾದರಿಗೆ ಇನ್ನೊಂದು ಬಗೆಯೂ ಉಂಟು. ಬೆಳ್ತಂಗಡಿ ತಾಲ್ಲೂಕಿನ ಸುರ್ಯದ ಸದಾಶಿವರುದ್ರ ದೇವಸ್ಥಾನದಲ್ಲಿ ಹರಕೆ ಹೊತ್ತವರು ಮಣ್ಣಿನ ಮನೆ, ಮಣ್ಣಿನ ಮಗು ಒಪ್ಪಿಸುತ್ತಾರೆ. ಅದು ಬೇಡಿಕೊಂಡದ್ದರ ರೂಪ. ನನ್ನದು ಎರಡೂ ಅಲ್ಲ, ದೊಡ್ಡದು ಹೋದ ಮೇಲೆ ಹುಟ್ಟಿದ್ದು. ಹಾಗಾಗಿ ಅದು ಸುಳ್ಳು ಹೇಳಬಾರದು ಎಂಬ ಹಟ ನನಗೆ.

ಗಾಡಿ ಮನೆಗೆ ಬಂದ ದಿನ ದೊಡ್ಡಪ್ಪನ ಮುಂದೆ ಇಟ್ಟೆ. ಎಂಬತ್ತು ದಾಟಿದ ಕೈ. ನೊಗ ಸವರಿದರು, ಎಡಗಡೆಯ ಸವೆತದ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಕಡಾಣಿ ಎಳೆದು ನೋಡಿ ಮತ್ತೆ ಸಿಕ್ಕಿಸಿದರು. ಆಮೇಲೆ ಗಾಡಿಯನ್ನು ಮೆಲ್ಲಗೆ ಮಗುಚಿ ಅಡಿಯನ್ನೆಲ್ಲ ಹುಡುಕಿದರು.

“ಕೀಲೆಣ್ಣೆ ಗೊಟ್ಟ ಎಲ್ಲೋ ಮಗಾ?”

ಹೌದು, ಗಾಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಗೊಟ್ಟ, ಅದರೊಳಗೆ ಕರಿ ಕಲಸಿದ ಹರಳೆಣ್ಣೆ. ನಾನೇ ಮರೆತಿದ್ದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮಧುಗಿರಿಗೆ ಹೊರಟೆ.