ಉಪ್ಪನ ಪಾನಾ ಚೀಲ

ಸಹೋದರಿಯರೇ, ಮನೆ ಶುಚಿ ಮಾಡುವಾಗ ತುಕ್ಕು ಹಿಡಿದ ಸಾಮಾನುಗಳನ್ನು ಗುಜರಿಯವನಿಗೆ ಕೊಡುವ ಅಭ್ಯಾಸ ನಿಮಗೂ ಇರಬಹುದು. ಹಾಗೆ ಕೊಡುವ ಮೊದಲು ನನ್ನ ಈ ಅನುಭವವನ್ನೊಮ್ಮೆ ಓದಿ.

ನನ್ನ ಉಪ್ಪನ ಬಳಿ 1968ರ ಅಂಬಾಸಿಡರ್ ಕಾರಿತ್ತು. ಅದರ ಸಣ್ಣಪುಟ್ಟ ರಿಪೇರಿಯನ್ನೆಲ್ಲ ಅವರೇ ಮಾಡುತ್ತಿದ್ದರು. ಪಾನಾಗಳನ್ನು ದಪ್ಪ ಬಟ್ಟೆಯ ಚೀಲದಲ್ಲಿ ಸುತ್ತಿಡುತ್ತಿದ್ದರು. ಮಕ್ಕಳು ಮುಟ್ಟಿದರೆ ಗದರುತ್ತಿದ್ದರು. ಅವರು ತೀರಿಕೊಂಡ ಬಳಿಕ ಕಾರನ್ನು ಮಾರಲು ನನಗೆ ಮನಸ್ಸಾಗಲಿಲ್ಲ. ಆದರೆ ಆ ಚೀಲವನ್ನು ನಾನೇ ಕೈಯಾರೆ ತೂಕಕ್ಕೆ ಹಾಕಿದೆ. ಸಿಕ್ಕಿದ ಹಣ ಒಂದು ದಿನದ ಮೀನಿಗೂ ಸಾಲಲಿಲ್ಲ!

ವರ್ಷಗಳ ನಂತರ ಮಗ ಅಜ್ಜನ ಕಾರನ್ನು ಓಡಿಸಲೇಬೇಕೆಂದು ಹಠ ಹಿಡಿದ. ಅಗ್ಗಕ್ಕೆ ಸಿಕ್ಕಿತೆಂದು ಫಳಫಳ ಹೊಳೆಯುವ ಪಾನಾಗಳ ಒಂದು ಪೆಟ್ಟಿಗೆ ತಂದ. ಮೊದಲ ದಿನವೇ 13 ಮಿ.ಮೀ. ಪಾನಾ ಜಾರಿ ಬೋಲ್ಟಿನ ಮೂಲೆಗಳು ಸವೆದು ಹೋದವು. ಅವನ ಬೆರಳಿನ ಗಂಟುಗಳಿಂದ ರಕ್ತ ಸುರಿಯಿತು.

ಉಪ್ಪನ ಪರಿಚಯದ ಹಳೆಯ ಮಿಸ್ತ್ರಿಯನ್ನು ಕರೆಸಿದೆವು. ಅವರು ನಕ್ಕು ಹೇಳಿದರು: "ಈ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್‌ನ ಮಾದರಿ. ಇದರ ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚೆಂದರೆ 12.7 ಮಿ.ಮೀ. 13ರ ಪಾನಾ ಅದರಲ್ಲಿ ಸಡಿಲವಾಗುತ್ತದೆ. ಮಗಳೇ, ನಿನ್ನ ಉಪ್ಪನ ಚೀಲದಲ್ಲಿ ಎಲ್ಲವೂ ಇತ್ತಲ್ಲ?"

ನಾನು ತಲೆ ತಗ್ಗಿಸಿದೆ.

ಮರುದಿನದಿಂದ ಮಗನೊಂದಿಗೆ ಮಂಗಳೂರಿನ ಗುಜರಿ ಅಂಗಡಿಗಳನ್ನು ಸುತ್ತಿದೆ. ಮಿಸ್ತ್ರಿ ಹೇಳಿಕೊಟ್ಟಂತೆ, ಬಾಯಿ ಅಗಲವಾದ, ಬಿರುಕು ಬಿಟ್ಟ ಪಾನಾಗಳನ್ನು ಬದಿಗಿಟ್ಟೆವು. 'ಕ್ರೋಮ್ ವೆನೇಡಿಯಂ' ಎಂಬ ಅಚ್ಚು ಇರುವುದನ್ನು ಹುಡುಕಿದೆವು. ಸವೆಯದ ಒಂದು ಬೋಲ್ಟನ್ನು ಜೊತೆಗೊಯ್ದು, ಅದರ ಮೇಲೆ ಕೂರಿಸಿ ಅಲುಗಾಡದಿದ್ದರೆ ಮಾತ್ರ ತೆಗೆದುಕೊಂಡೆವು. ದೊಡ್ಡ ಸೆಟ್ಟಿನ ಅಗತ್ಯವೇ ಇರಲಿಲ್ಲ. 7/16, 1/2 ಮತ್ತು 9/16 ಇಂಚಿನ ಪಾನಾಗಳಿಂದಲೇ ಹೆಚ್ಚಿನ ಕೆಲಸ ಸಾಗುತ್ತದೆ. ಬೋಲ್ಟಿನ ಮೂಲೆಗಳನ್ನೆಲ್ಲ ಸುತ್ತಲೂ ಹಿಡಿಯುವ ರಿಂಗ್ ಪಾನಾ, ತೆರೆದ ಬಾಯಿಯ ಪಾನಾದಷ್ಟು ಬೇಗ ಜಾರುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಎಣ್ಣೆ ಒರೆಸಿದಾಗ ತುಕ್ಕಿನಡಿಯಿಂದ ಗಟ್ಟಿ ಉಕ್ಕು ಹೊರಬಂತು. ಇಕ್ಕಳ ಮತ್ತು ಸ್ಕ್ರೂಡ್ರೈವರನ್ನು ಮಾತ್ರ ಹೊಸದಾಗಿ ಕೊಂಡೆವು, ತಪಾರಿಯಾದ್ದು. ಎಲ್ಲ ಸೇರಿದರೂ ಆ ಹೊಳೆಯುವ ಪೆಟ್ಟಿಗೆಯಷ್ಟು ಖರ್ಚಾಗಲಿಲ್ಲ.

ಪ್ರತಿ ಅಂಗಡಿಯಲ್ಲೂ ನನ್ನ ಕಣ್ಣು ಉಪ್ಪನ ಪಾನಾಗಳನ್ನೇ ಹುಡುಕುತ್ತಿತ್ತು. ಅವು ಸಿಗಲಿಲ್ಲ. ಎಂದೋ ಕರಗಿ ಕಬ್ಬಿಣವಾಗಿರಬೇಕು.

ಕಾರು ಇನ್ನೂ ರಸ್ತೆಗಿಳಿದಿಲ್ಲ. ಆದರೆ ಈಗಿರುವ ಪಾನಾಗಳಿಗೆ ದಪ್ಪ ಬಟ್ಟೆಯ ಚೀಲವೊಂದನ್ನು ನಾನೇ ಹೊಲಿದುಕೊಟ್ಟಿದ್ದೇನೆ. ಸಂಜೆ ಕೆಲಸ ಮುಗಿಸಿ ಮಗ ಪ್ರತಿಯೊಂದನ್ನೂ ಒರೆಸಿ ಸುತ್ತಿಡುವಾಗ ನನಗೆ ಉಪ್ಪನ ನೆನಪಾಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂತಹ ಚೀಲವಿದೆಯೇ? ತೂಕಕ್ಕೆ ಹಾಕುವ ಮೊದಲು, ಅದನ್ನು ಬಳಸಿದವರನ್ನು ಬಲ್ಲ ಯಾರನ್ನಾದರೂ ಒಮ್ಮೆ ಕೇಳಿ ನೋಡಿ.