ಕಾಯಿ ನಡೆಸುವ ಕೈಗಳು

ಕಂಪ್ಯೂಟರ್‌ಗಳ ನಡುವೆ ಚದುರಂಗ ಪಂದ್ಯ ಎಂದೊಡನೆ ಎರಡು ಪೆಟ್ಟಿಗೆಗಳು ತಂತಿಯ ಮೂಲಕ ತಮ್ಮತಮ್ಮಲ್ಲೇ ಆಡಿಕೊಳ್ಳುವ ದೃಶ್ಯ ಕಣ್ಣ ಮುಂದೆ ಬರುತ್ತದೆ. ಆದರೆ ಈ ಯಂತ್ರಗಳ ವಿಶ್ವ ಚಾಂಪಿಯನ್‌ಷಿಪ್ ಬಹುಕಾಲ ನಡೆದದ್ದು ಹಾಗಲ್ಲ. ಮೇಜಿನ ಮೇಲೆ ನಿಜವಾದ ಮಣೆ, ನಿಜವಾದ ಕಾಯಿಗಳು, ಪಕ್ಕದಲ್ಲೊಂದು ಗಡಿಯಾರ. ಎರಡೂ ಕಡೆ ಒಬ್ಬೊಬ್ಬ ಮನುಷ್ಯ. ಪರದೆಯ ಮೇಲೆ ಯಂತ್ರ ತೋರಿಸಿದ ನಡೆಯನ್ನು ಮಣೆಯ ಮೇಲೆ ನಡೆಸುವುದು, ಎದುರಾಳಿಯ ನಡೆಯನ್ನು ಯಂತ್ರಕ್ಕೆ ತಿಳಿಸುವುದು, ಇಷ್ಟೇ ಅವನ ಕೆಲಸ. ಅವನಿಗೆ ಆಪರೇಟರ್ ಎಂದು ಹೆಸರು. ಸ್ವಂತ ಬುದ್ಧಿ ಓಡಿಸುವಂತಿಲ್ಲ. ಆದರೆ ಆ ಕುರ್ಚಿಯಲ್ಲಿ ಸಾಮಾನ್ಯವಾಗಿ ಕೂರುತ್ತಿದ್ದವನು ಆ ಪ್ರೋಗ್ರಾಮನ್ನು ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದವನೇ. ಮಗಳ ಮದುವೆಯಲ್ಲಿ ಅಪ್ಪನನ್ನು ಕರೆದು, ನಿನ್ನದು ಪಂಕ್ತಿಗೆ ನೀರು ಬಡಿಸುವ ಕೆಲಸ ಮಾತ್ರ, ಬೇರೆ ಮಾತಾಡಬೇಡ ಎಂದು ಹೇಳಿದಂತೆ!

ಯಂತ್ರಕ್ಕೆ ಸಿಟ್ಟಿಲ್ಲ, ಸೆಡವಿಲ್ಲ, ದಾಕ್ಷಿಣ್ಯವೂ ಇಲ್ಲ. ಈ ಮೂರೂ ಕಾಯಿ ನಡೆಸುವ ಕೈಯಲ್ಲಿರುತ್ತವೆ.

2003ರ ನವೆಂಬರ್ ತಿಂಗಳಿನಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಜರ್ಮನಿಯ ಸ್ಟೆಫಾನ್ ಮೇಯರ್-ಕಾಲೆನ್ ಬರೆದ 'ಶ್ರೆಡರ್', ಹಾಲೆಂಡಿನ ಫ್ರಾನ್ಸ್ ಮೋರ್ಷ್ ಬರೆದ 'ಫ್ರಿಟ್ಸ್' ಎಂಬೆರಡು ದೈತ್ಯರು ಪ್ರಶಸ್ತಿಗಾಗಿ ಸೆಣಸುತ್ತಿದ್ದವು. ಒಂದು ಸುತ್ತಿನಲ್ಲಿ ಶ್ರೆಡರ್‌ಗೆ ಎದುರಾದದ್ದು 'ಜಾನಿ' ಎಂಬ ಹವ್ಯಾಸಿ ಪ್ರೋಗ್ರಾಮ್. ಅದನ್ನು ಬರೆದವರು ಯೊಹಾನೆಸ್ ಟ್ಸ್ವಾಂಟ್ಸ್‌ಗರ್. ಶ್ರೆಡರ್ ಗೆಲ್ಲುವ ಸ್ಥಿತಿಗೆ ಬಂದಿತ್ತು. ಅಷ್ಟರಲ್ಲಿ ಅದರೊಳಗಿನ ಯಾವುದೋ ದೋಷದಿಂದ, ಗಾಣದ ಎತ್ತಿನಂತೆ ಹಿಂದಿನ ಸ್ಥಿತಿಗೇ ಮತ್ತೆ ಮತ್ತೆ ಮರಳಿತು. ಮಣೆಯ ಮೇಲೆ ಅದೇ ಸ್ಥಿತಿ ಮೂರು ಬಾರಿ ಬಂದರೆ ಡ್ರಾ ಕೇಳಬಹುದೆಂಬುದು ಚದುರಂಗದ ನಿಯಮ. ಜಾನಿಯ ಪರದೆಯ ಮೇಲೆ ಮೂರನೆಯ ಪುನರಾವರ್ತನೆಯ ಸೂಚನೆ ಮೂಡಿತು. ಕೈ ಎತ್ತಿ ತೀರ್ಪುಗಾರರನ್ನು ಕರೆದಿದ್ದರೆ ಸಾಕು, ಅರ್ಧ ಅಂಕ ಸಿಗುತ್ತಿತ್ತು.

ಟ್ಸ್ವಾಂಟ್ಸ್‌ಗರ್ ಕೈ ಎತ್ತಲಿಲ್ಲ. ಸೋಲುವ ಆಟವನ್ನು ಎದುರಾಳಿಯ ಪ್ರೋಗ್ರಾಮಿನ ದೋಷವೊಂದರ ಬಲದಿಂದ ಉಳಿಸಿಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ. ಸುಮ್ಮನೆ ಆಟ ಮುಂದುವರಿಸಿದರು, ಸೋತರು. ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತದೆ, ಕೇಳಿದವರು ತಲೆದೂಗುತ್ತಾರೆ. ಆದರೆ ಇಲ್ಲಿ ಮೂರನೆಯವನೊಬ್ಬನಿದ್ದ. ಕೊನೆಯಲ್ಲಿ ಶ್ರೆಡರ್ ಮತ್ತು ಫ್ರಿಟ್ಸ್ 11 ಆಟಗಳಿಂದ ತಲಾ 9.5 ಅಂಕ ಗಳಿಸಿ ಸಮನಾದವು. ಆ ಒಂದು ಆಟ ಡ್ರಾ ಆಗಿದ್ದರೆ ಶ್ರೆಡರ್‌ನ ಅಂಕ 9, ಫ್ರಿಟ್ಸ್ ಒಂಟಿಯಾಗಿ ವಿಶ್ವ ಚಾಂಪಿಯನ್! ಫ್ರಿಟ್ಸ್ ಕಡೆಯವರು ಪ್ರತಿಭಟಿಸಿದರು. ತೀರ್ಪುಗಾರರು ಫಲಿತಾಂಶವನ್ನು ಬದಲಿಸಲಿಲ್ಲ. ಸಮಬಲ ಮುರಿಯಲು ನಡೆದ ಆಟದಲ್ಲಿ ಶ್ರೆಡರ್ ಗೆದ್ದು ಕಿರೀಟ ಧರಿಸಿತು.

ಟ್ಸ್ವಾಂಟ್ಸ್‌ಗರ್ ಮಾಡಿದ್ದು ಸರಿಯೆ? ಅವರ ಮನಸ್ಸು ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ತನ್ನ ಎಲೆಯ ಹೋಳಿಗೆಯನ್ನು ಮತ್ತೊಬ್ಬನಿಗೆ ಎತ್ತಿಕೊಡುವುದು ಔದಾರ್ಯವೇ. ಆದರೆ ಆ ಅರ್ಧ ಅಂಕ ಜಾನಿಯ ಎಲೆಯಿಂದ ಹೋದಷ್ಟೇ ಪಕ್ಕದಲ್ಲಿ ಕುಳಿತಿದ್ದ ಫ್ರಿಟ್ಸ್‌ನ ಎಲೆಯಿಂದಲೂ ಹೋಯಿತಲ್ಲ! ಅದಕ್ಕಿಂತ ಮುಖ್ಯವಾಗಿ, ಆಡುತ್ತಿದ್ದುದು ಜಾನಿ. ಡ್ರಾ ಬಂದಿದೆ ಎಂದು ಅದು ಪರದೆಯ ಮೇಲೆ ಹೇಳಿಯೂ ಇತ್ತು. ಆ ಮಾತನ್ನು ತೀರ್ಪುಗಾರರಿಗೆ ತಲುಪಿಸಬೇಕಾದ ಕೈ ಅದನ್ನು ನುಂಗಿಕೊಂಡಿತು. ಒಳ್ಳೆಯತನಕ್ಕೇ ಆದರೂ ಅಂಚೆಯವನು ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ.

ಎಲ್ಲರೂ ಇಷ್ಟು ಸೌಜನ್ಯವಂತರಾಗಿರಲಿಲ್ಲ ಅನ್ನಿ. 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದೇ ಸೂರಿನಡಿ ಎರಡು ಬಣಗಳಿದ್ದವು. ಒಂದರ ಯಜಮಾನ ಹಾನ್ಸ್ ಬರ್ಲಿನರ್, ಅಂಚೆ ಚದುರಂಗದ ಮಾಜಿ ವಿಶ್ವ ಚಾಂಪಿಯನ್. ಅವರ 'ಹೈಟೆಕ್' ಯಂತ್ರದಲ್ಲಿ ಮಣೆಯ ಒಂದೊಂದು ಚೌಕಕ್ಕೆ ಒಂದರಂತೆ 64 ಚಿಪ್‌ಗಳಿದ್ದವು. ತೈವಾನಿನಿಂದ ಬಂದಿದ್ದ ವಿದ್ಯಾರ್ಥಿ ಫೆಂಗ್ ಸಿಯುಂಗ್ ಶು ಆ ಕೆಲಸವನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿ ತೋರಿಸಿದ. ಹಿರಿಯರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಬೇಕೆ? ಅವನ ಜೊತೆ ಸೇರಿದವರಲ್ಲಿ ಒಬ್ಬ ಭಾರತೀಯ ವಿದ್ಯಾರ್ಥಿ ಥಾಮಸ್ ಅನಂತರಾಮನ್. ಇನ್ನೊಬ್ಬ ಹೈಟೆಕ್ ಬಣದಲ್ಲೇ ದುಡಿದಿದ್ದ ಮರ್ರೆ ಕ್ಯಾಂಪ್‌ಬೆಲ್. ಈ ಹುಡುಗರ 'ಡೀಪ್ ಥಾಟ್' 1989ರಲ್ಲಿ ವಿಶ್ವ ಚಾಂಪಿಯನ್ ಆಯಿತು. ಅದರ ಮುಂದಿನ ತಲೆಮಾರಿನ 'ಡೀಪ್ ಬ್ಲೂ' 1997ರಲ್ಲಿ ಕಾಸ್ಪರೋವ್‌ರನ್ನೇ ಮಣಿಸಿತು. ಅಷ್ಟೆಲ್ಲ ಗೆದ್ದ ಮೇಲೂ ಮನಸ್ಸಿನ ಗೀರು ಮಾಯಲಿಲ್ಲ. 2002ರಲ್ಲಿ ಹೊರತಂದ ತನ್ನ ಪುಸ್ತಕದಲ್ಲಿ ಶು ಆ ಹಳೆಯ ವೈಮನಸ್ಯವನ್ನು ಮುಚ್ಚಿಡದೆ ಬರೆದಿದ್ದಾನೆ.

ಆದರೆ ನಿಜವಾದ ಕುರುಕ್ಷೇತ್ರ ನಡೆದದ್ದು 2011ರಲ್ಲಿ. ಫ್ರಾನ್ಸಿನ ಫೇಬಿಯನ್ ಲೆಟೂಜಿ 2005ರಲ್ಲಿ 'ಫ್ರೂಟ್' ಎಂಬ ತನ್ನ ಪ್ರೋಗ್ರಾಮಿನ ಒಳಬರಹವನ್ನೆಲ್ಲ ಜಗತ್ತಿನ ಮುಂದೆ ಬಿಚ್ಚಿಟ್ಟಿದ್ದ. ಅದು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನ ಪಡೆದ ಪ್ರೋಗ್ರಾಮ್! ಯಾರು ಬೇಕಾದರೂ ಓದಬಹುದು, ಬಳಸಬಹುದು. ಆದರೆ ಅದನ್ನು ಸೇರಿಸಿಕೊಂಡು ಹಂಚುವವನು ತನ್ನದನ್ನೂ ಹಾಗೆಯೇ ತೆರೆದಿಡಬೇಕು, ಇದು ಷರತ್ತು. ಅದೇ ವರ್ಷದ ಕೊನೆಗೆ ವಾಸಿಕ್ ರಾಜ್ಲಿಕ್ ಎಂಬಾತನ 'ರಿಬ್ಕಾ' ಹೊರಬಂದು ಎಲ್ಲರನ್ನೂ ಹಿಂದೆ ಹಾಕಿತು. 2007ರಿಂದ 2010ರವರೆಗೆ ನಾಲ್ಕು ವರ್ಷ ಸತತವಾಗಿ ಅದೇ ವಿಶ್ವ ಚಾಂಪಿಯನ್. ಅದರ ಒಳಬರಹ ಮಾತ್ರ ಯಾರಿಗೂ ಕಾಣದು.

2011ರ ಮಾರ್ಚ್‌ನಲ್ಲಿ ಹಲವು ಮಂದಿ ಪ್ರೋಗ್ರಾಮರುಗಳು ಸಹಿ ಹಾಕಿ ದೂರು ಕೊಟ್ಟರು. ಶ್ರೆಡರ್‌ನ ಮೇಯರ್-ಕಾಲೆನ್ ಕೂಡ ಅವರಲ್ಲೊಬ್ಬರು. ಐಸಿಜಿಎ ಎಂಬ ಸಂಸ್ಥೆ ತನಿಖಾ ಮಂಡಳಿ ರಚಿಸಿತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆಲ್ಲ ಗೊತ್ತಿರುವ ಗುಟ್ಟೊಂದಿದೆ: ಇಬ್ಬರ ಸರಿಯುತ್ತರ ಒಂದೇ ಆಗಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಇಬ್ಬರ ತಪ್ಪೂ ಒಂದೇ ಆಗಿದ್ದರೆ ಬೆಂಚು ಬದಲಿಸಬೇಕು. ತನಿಖೆಯವರು ಹಿಡಿದದ್ದೂ ಅಂಥ ಎಳೆಗಳನ್ನೇ. ಫ್ರೂಟ್ ತನ್ನ ಸಮಯವನ್ನು ದಶಮಾಂಶದಲ್ಲಿ ಅಳೆಯುತ್ತಿದ್ದುದರಿಂದ ಅಲ್ಲಿ 0.0 ಎಂದಿರುವುದು ಸಹಜ. ಪೂರ್ಣಾಂಕದಲ್ಲಿ ಅಳೆಯುವ ರಿಬ್ಕಾದಲ್ಲಿ ಬರೀ 0 ಸಾಕಾಗಿದ್ದ ಕಡೆ ಅದೇ 0.0 ಹೇಗೆ ಬಂತು? ರಿಬ್ಕಾದ ತೀರ ಆರಂಭದ ಆವೃತ್ತಿಗಳಲ್ಲಿ 'ಕ್ರಾಫ್ಟಿ' ಎಂಬ ಇನ್ನೊಂದು ಪ್ರೋಗ್ರಾಮಿನ ಗುರುತುಗಳೂ ಸಿಕ್ಕಿದವು.

ಜೂನ್‌ನಲ್ಲಿ ತೀರ್ಪು ಬಂತು. ನಾಲ್ಕೂ ಪ್ರಶಸ್ತಿಗಳು ವಾಪಸ್, ಬಹುಮಾನದ ಹಣ ಹಿಂದಿರುಗಿಸಬೇಕು, ಜೀವಾವಧಿ ನಿಷೇಧ. ಫ್ರೂಟ್‌ನಿಂದ ಬಹಳ ಕಲಿತದ್ದು ನಿಜ, ಆದರೆ ಬರಹ ತನ್ನದೇ ಎಂಬುದು ರಾಜ್ಲಿಕ್‌ನ ವಾದ. ಆದರೂ ಮಂಡಳಿಯ ಮುಂದೆ ಬಂದು ವಾದ ಮಾಡಲಿಲ್ಲ. ಇತ್ತ ಮಂಡಳಿಯನ್ನು ನಡೆಸಿದ ಮೂವರಲ್ಲಿ ರಾಬರ್ಟ್ ಹಯಾಟ್ ಒಬ್ಬರು. ಅವರು ಕ್ರಾಫ್ಟಿಯನ್ನು ಬರೆದವರು! ಹಯಾಟ್‌ರ ವಿದ್ವತ್ತನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಕಳುವಾಯಿತೆಂದು ದೂರುವವನ ಮನೆಯ ಜಗಲಿಯಲ್ಲೇ ಪಂಚಾಯಿತಿ ಕೂರಿಸಿದರೆ ತೀರ್ಪು ಎಷ್ಟೇ ನ್ಯಾಯವಾಗಿದ್ದರೂ ಊರು ನಂಬುವುದು ಕಷ್ಟ. ಹಾಗೆಯೇ ಆಯಿತು. ದೂರಿಗೆ ಸಹಿ ಹಾಕಿದ್ದ ಹಾಲೆಂಡಿನ ಎಡ್ ಶ್ರೋಡರ್ ಮುಂದೆ ಮನಸ್ಸು ಬದಲಿಸಿ ರಾಜ್ಲಿಕ್ ಪರ ನಿಂತರು. 2015ರಲ್ಲಿ ಚದುರಂಗದ ಅಂತಾರಾಷ್ಟ್ರೀಯ ಸಂಸ್ಥೆ ಫಿಡೆಯ ನೀತಿ ಆಯೋಗವು ಜೀವಾವಧಿ ನಿಷೇಧದ ವಿಷಯದಲ್ಲಿ ಐಸಿಜಿಎಗೇ ಎಚ್ಚರಿಕೆ ಕೊಟ್ಟಿತು. ಹಳೆಯ ಗೆಳೆಯರು ಎರಡು ಪಾಳೆಯವಾಗಿ ಒಡೆದರು.

ಲೆಟೂಜಿಗೆ ಆಗಿದ್ದ ನೋವು ಹಣದ್ದಲ್ಲ. ಅವನು ಕೊಟ್ಟದ್ದೇ ಪುಕ್ಕಟೆಯಾಗಿ. 'ಇದು ಫ್ರೂಟ್‌ನಿಂದ ಬಂದದ್ದು' ಎಂಬ ಒಂದು ಸಾಲು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇನ್ನೊಂದು ಮೀನಿನ ಕಥೆಯಿದೆ. (ರಿಬ್ಕಾ ಎಂದರೂ ಪುಟ್ಟ ಮೀನೇ.) ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ 'ಗ್ಲೌರುಂಗ್' ಎಂಬ ಪ್ರೋಗ್ರಾಮ್ ಬರೆದು ಅದನ್ನೂ ತೆರೆದಿಟ್ಟಿದ್ದ. 2008ರಲ್ಲಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದನ್ನೇ ತೆಗೆದುಕೊಂಡು ತಿದ್ದಿ ಹೊಸ ಹೆಸರಿಟ್ಟ. ಆದರೆ ಮೂಲ ಯಾರದೆಂದು ಬಾಯಿಬಿಟ್ಟು ಹೇಳಿದ. ಹೆಸರಿನಲ್ಲೂ ಆ ಋಣವನ್ನು ಉಳಿಸಿದ: ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸುವ ಮೀನು 'ಸ್ಟಾಕ್‌ಫಿಶ್'. ರೋಮ್‌ಸ್ಟಾಡ್ ಜಗಳಕ್ಕೆ ಬರಲಿಲ್ಲ. ತನ್ನ ಗ್ಲೌರುಂಗ್ ಅನ್ನು ಕೈಬಿಟ್ಟು ಇವರ ಜೊತೆಗೇ ಸೇರಿಕೊಂಡ.

2013ರಲ್ಲಿ ಈ ಸ್ಟಾಕ್‌ಫಿಶ್‌ಗೆ ದೊಡ್ಡ ಎದುರಾಳಿಯಾಗಿ ನಿಂತದ್ದು 'ಕೊಮೊಡೊ'. ಅಮೆರಿಕದ ಡಾನ್ ಡೈಲಿ ಅದರ ಕರ್ತೃ. ಆ ಶರತ್ಕಾಲದಲ್ಲಿ ತನಗೆ ರಕ್ತದ ಕ್ಯಾನ್ಸರ್ ಎಂದು ಡೈಲಿ ಗೆಳೆಯರಿಗೆಲ್ಲ ತಿಳಿಸಿದರು. ರಿಬ್ಕಾ ತನಿಖೆಯನ್ನು ನಡೆಸಿದ್ದ ಮೂವರಲ್ಲಿ ಇನ್ನೊಬ್ಬರಾದ ಮಾರ್ಕ್ ಲೆಫ್ಲರ್ ಮುಂದೆ ಬಂದು, ಬೇರೊಬ್ಬನ ಪ್ರೋಗ್ರಾಮನ್ನು ಸಾಕುವ ಹೊರೆ ಹೊತ್ತರು. ನವೆಂಬರ್ 22ರಂದು ಡೈಲಿ ತೀರಿಕೊಂಡರು. ಆ ಸ್ಪರ್ಧೆಯಲ್ಲಿ ಮಣೆಯೂ ಇರಲಿಲ್ಲ, ಆಪರೇಟರೂ ಇರಲಿಲ್ಲ. ಎರಡೂ ಪ್ರೋಗ್ರಾಮುಗಳು ಒಂದೇ ಕಂಪ್ಯೂಟರಿನಲ್ಲಿ ತಾವೇ ಆಡಿಕೊಂಡವು. ಡಿಸೆಂಬರ್‌ನಲ್ಲಿ ಕೊಮೊಡೊ ಗೆದ್ದಿತು.